ಕಪ್ಪು ಕಾರು, ಬೋರ್‌ವೆಲ್ ನೀರು: ಮನೆಯಲ್ಲೇ ಡೀಟೇಲಿಂಗ್‌ಗೆ ನಾನು ಸಾಮಗ್ರಿ ಆರಿಸಿಕೊಂಡ ಬಗೆ

ಬೆಂಗಳೂರಿನಲ್ಲಿ ಕಾರಿನ ಡೀಟೇಲಿಂಗ್ ಅನ್ನು, ಅಂದರೆ ಅದನ್ನು ಜತನದಿಂದ ತೊಳೆದು, ಪಾಲಿಶ್ ಮಾಡಿ, ರಕ್ಷಣಾ ಪದರ ಹಚ್ಚುವ ಕೆಲಸವನ್ನು, ಮನೆಯಲ್ಲೇ ಮಾಡಿಕೊಳ್ಳಲು ಹೊರಟವರು ಶಾಂಪೂ, ವ್ಯಾಕ್ಸ್‌ಗಳ ಬಾಟಲಿ ಕೊಳ್ಳುವ ಮುಂಚೆ ತಮ್ಮ ನಲ್ಲಿಯಲ್ಲಿ ಬರುವ ನೀರು ಎಂಥದ್ದೆಂದು ತಿಳಿದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಕೊಂಡದ್ದು ಕಪ್ಪು ಬಣ್ಣದ ಬಿಎಂಡಬ್ಲ್ಯು ಝೆಡ್4 ಎಂ40ಐ. ಎರಡೇ ಸೀಟು, ಉದ್ದನೆಯ ಬಾನೆಟ್, ಮಡಚಿಕೊಳ್ಳುವ ಬಟ್ಟೆಯ ಛಾವಣಿ. ಕಪ್ಪು ಬಣ್ಣ ಯಾವುದನ್ನೂ ಮುಚ್ಚಿಡುವುದಿಲ್ಲ. ನೀರಿನ ಕಲೆ, ಒರೆಸಿದ ಗೀರು, ಒಂದು ದಿನದ ದೂಳು ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. ಆದ್ದರಿಂದ ಸಾಮಗ್ರಿಗಳ ವಿಷಯದಲ್ಲಿ ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಬಣ್ಣವನ್ನು ಮುಟ್ಟಿ ಉಜ್ಜಬೇಕಾದ ಸಂದರ್ಭಗಳನ್ನು ಕಡಿಮೆ ಮಾಡುವ ವಸ್ತು ಬೇಕು, ಅವನ್ನು ಹೆಚ್ಚಿಸುವ ವಸ್ತು ಎಷ್ಟೇ ಹೊಳಪು ಕೊಟ್ಟರೂ ಬೇಡ.

ಜಯನಗರದ ನಮ್ಮ ಮನೆಯ ಸಂಪ್‌ನಲ್ಲಿ ಕಾವೇರಿ ನೀರೂ ಬೋರ್‌ವೆಲ್ ನೀರೂ ಬೆರೆಯುತ್ತವೆ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದ ಪ್ರಕಾರ ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತುಗಳ ಪ್ರಮಾಣ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ಒಪ್ಪಬಹುದು. ಗಡಸುತನಕ್ಕೆ ಈ ಮಿತಿಗಳು 200 ಮತ್ತು 600. ಕುಡಿಯಲು ಅಡ್ಡಿಯಿಲ್ಲದ ನೀರು ಕಪ್ಪು ಬಾನೆಟ್ಟಿಗೆ ಒಗ್ಗುತ್ತದೆಂದು ಹೇಳಲಾಗದು. ಬಿಸಿಲಿಗೆ ನೀರು ಆರಿಹೋದಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಉಂಗುರಗಳಾಗಿ ಉಳಿಯುತ್ತವೆ. ಹಾಗೆಯೇ ಬಿಟ್ಟರೆ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್‌ಕೋಟ್‌ನಲ್ಲಿ ಅಚ್ಚೊತ್ತಿಬಿಡುತ್ತವೆ, ಆಮೇಲೆ ಪಾಲಿಶ್ ಮಾಡದೆ ಹೋಗುವುದಿಲ್ಲ. ಹೀಗಾಗಿ ನಾನು ಮೊದಲು ಕೊಂಡದ್ದು ಪೆನ್ನಿನಾಕಾರದ ಒಂದು ಟಿಡಿಎಸ್ ಮೀಟರ್. ಈ ಮೀಟರ್ ಗಡಸುತನವನ್ನು ಹೇಳುವುದಿಲ್ಲ ಎಂಬುದನ್ನು ನೆನಪಿಡಬೇಕು. ವಾಟರ್ ಸಾಫ್ಟ್‌ನರ್ ಕ್ಯಾಲ್ಸಿಯಂ ಬದಲು ಸೋಡಿಯಂ ಸೇರಿಸುವುದರಿಂದ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆದರೆ ಆ ನೀರಿನ ಕಲೆ ಒದ್ದೆ ಬಟ್ಟೆಗೆ ಸುಲಭವಾಗಿ ಬಿಡುತ್ತದೆ.

ಅಪಾರ್ಟ್‌ಮೆಂಟುಗಳಲ್ಲಿ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಕಾರು ತೊಳೆಯಲು ಹಿಡಿದಿಟ್ಟುಕೊಳ್ಳುವ ರೂಢಿಯಿದೆ. ಉಳಿತಾಯದ ಉದ್ದೇಶ ಒಳ್ಳೆಯದೇ, ಆದರೆ ಯಂತ್ರ ಬೇರ್ಪಡಿಸಿದ ಲವಣಗಳೆಲ್ಲ ಸೇರಿರುವುದು ಆ ನೀರಿನಲ್ಲೇ. ಅದನ್ನು ನೆಲ ಒರೆಸಲು ಬಳಸಲಿ, ಕಾರಿನ ಹತ್ತಿರಕ್ಕೂ ತರಬಾರದು. ಇನ್ನು ಕಾವೇರಿ ನೀರಿನ ಮಾತು. 2024ರ ಮಾರ್ಚ್‌ನಲ್ಲಿ, ನಗರ ನೀರಿಗಾಗಿ ಪರದಾಡುತ್ತಿದ್ದಾಗ, ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡವನ್ನು ಘೋಷಿಸಿತ್ತು. ದಂಡದ ಭಯಕ್ಕಿಂತ ಮಿಗಿಲಾಗಿ, ಪಕ್ಕದ ಬೀದಿಗೆ ಟ್ಯಾಂಕರ್ ಬರುತ್ತಿರುವಾಗ ಪೈಪ್ ಹಿಡಿದು ಕಾರಿಗೆ ನೀರು ಹಾಯಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ನಮ್ಮಲ್ಲಿ ದೊಡ್ಡ ನಿವೇಶನದ ಮನೆಗಳಿಗೆ 2009ರಿಂದ ಮಳೆನೀರು ಕೊಯ್ಲು ಕಡ್ಡಾಯವಾಗಿದೆ; ಆ ತೊಟ್ಟಿಯ ನೀರೇ ಕಾರಿಗೆ ಸಿಗಬಹುದಾದ ಅತ್ಯುತ್ತಮ ನೀರು. ತಾರಸಿಯ ದೂಳನ್ನು ಹೊತ್ತು ತರುವ ಮೊದಲ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ತುಂಬಿಕೊಂಡರೆ ಅದರಲ್ಲಿ ಲವಣಾಂಶ ತೀರಾ ಕಡಿಮೆ. ಈಗ ಕೊನೆಯ ಜಾಲಾಡುವಿಕೆಗೆ ನಾನು ಬಳಸುವುದು ಮಳೆನೀರನ್ನು ಮಾತ್ರ.

ನೀರಿನ ಲೆಕ್ಕ ಹಿಡಿದಾಗ ರಿನ್ಸ್‌ಲೆಸ್ ವಾಶ್ ಎಂಬ ದ್ರಾವಣ ನಮ್ಮ ಊರಿಗೆ ಹೇಳಿ ಮಾಡಿಸಿದಂತಿದೆ. ಈ ಬಗೆಯಲ್ಲಿ ಹೆಸರಾದ ಆಪ್ಟಿಮಮ್ ನೋ ರಿನ್ಸ್ ಅನ್ನು 1 ಭಾಗಕ್ಕೆ 256 ಭಾಗ ನೀರಿನಂತೆ, ಅಂದರೆ ಒಂದು ಬಕೆಟ್ ನೀರಿಗೆ ಕೆಲವೇ ಚಮಚದಷ್ಟು ಬೆರೆಸಿದರೆ ಸಾಕು. ಅದರಲ್ಲಿರುವ ಪಾಲಿಮರ್‌ಗಳು ದೂಳಿನ ಕಣಗಳನ್ನು ಸುತ್ತುವರಿದು ಜಾರಿಸುತ್ತವೆ, ತೊಳೆದ ಮೇಲೆ ಜಾಲಾಡುವ ಅಗತ್ಯವೂ ಇಲ್ಲ. ಸಾಮಾನ್ಯ ದೂಳಿಗೆ ನಾನು ಬಳಸುವುದು ಇದನ್ನೇ. ಆದರೆ ಮಳೆಯಲ್ಲಿ ನೈಸ್ ರಸ್ತೆಯಲ್ಲಿ ಓಡಿಸಿ ಬಂದು ಬಾಗಿಲ ಕೆಳಭಾಗಕ್ಕೆಲ್ಲ ಕೆಸರು ಮೆತ್ತಿದ್ದರೆ ಇದು ಸಲ್ಲದು. ಆಗ ಮೊದಲು ಫೋಮ್ ಹೊದಿಸಿ, ಕೆಸರು ತಾನಾಗಿ ಇಳಿದು ಹೋಗಲು ಬಿಟ್ಟು, ನಂತರವೇ ಕೈ ಹಾಕಬೇಕು. ಶಾಂಪೂ ಪಿಎಚ್ ತಟಸ್ಥವಾಗಿರಬೇಕು, ಅದರಲ್ಲಿ ವ್ಯಾಕ್ಸ್ ಬೆರೆಸಿರಬಾರದು; ವ್ಯಾಕ್ಸ್ ಬೆರೆತ ಶಾಂಪೂ ಒಂದು ಪದರವನ್ನು ಬಿಟ್ಟುಹೋಗುವುದರಿಂದ ಕೆಳಗಿನ ರಕ್ಷಣಾ ಪದರ ಇನ್ನೂ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಶಾಂಪೂವಿಗೆ ಒಂದು, ಕಾರು ತೊಳೆಯುವ ಕೈಗವಸು ಜಾಲಾಡಲು ಇನ್ನೊಂದು ಎಂದು ಎರಡು ಬಕೆಟ್, ಅವುಗಳ ತಳಕ್ಕೆ ಮಣ್ಣು ಮತ್ತೆ ಮೇಲೇಳದಂತೆ ತಡೆಯುವ ಗ್ರಿಟ್ ಗಾರ್ಡ್ ಜಾಲರಿ. ಗಾಲಿಗಳಿಗೆ ಪ್ರತ್ಯೇಕ ಬಕೆಟ್ ಇರಲೇಬೇಕು.

ಬಟ್ಟೆಯ ವಿಷಯದಲ್ಲಿ ಜಿಪುಣತನ ಸಲ್ಲದು. ಬೆಳಿಗ್ಗೆ ಬೀದಿಯ ಕಾರುಗಳನ್ನೆಲ್ಲ ಒರೆಸುವ ಹುಡುಗನಿಗೆ ನಾವು ಕೊಡುವುದು ಒಂದು ಬಕೆಟ್ ನೀರು, ಒಂದು ಹಳೆಯ ಬಟ್ಟೆ. ಆ ಬಟ್ಟೆಯಲ್ಲಿ ಹಿಂದಿನ ಕಾರಿನ ಮಣ್ಣೂ ಇರುತ್ತದೆ. ನಮ್ಮಲ್ಲಿ ಎಲ್ಲಿ ನೋಡಿದರೂ ಕಟ್ಟಡ ಕೆಲಸ, ಗಾಳಿಯಲ್ಲಿ ತೇಲುವುದು ಗ್ರಾನೈಟ್ ಪುಡಿ ಮಾಡಿದ ಎಂ-ಸ್ಯಾಂಡ್‌ನ ದೂಳು. ಒಣ ಬಟ್ಟೆಯಿಂದ ಅದನ್ನು ಒರೆಸುವುದೆಂದರೆ ಉಪ್ಪುಕಾಗದ ಹಿಡಿದು ಉಜ್ಜಿದ ಹಾಗೆಯೇ. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ 70:30ರ ಪ್ರಮಾಣದಲ್ಲಿರುವ, ಅಂಚಿಗೆ ಹೊಲಿಗೆಯಿಲ್ಲದ ಮೈಕ್ರೋಫೈಬರ್‌ಗಳನ್ನು ಆರಿಸಿಕೊಂಡೆ. ಒಣಗಿಸಲು ಹುರಿಗೊಳಿಸಿದ ಎಳೆಯ ದಪ್ಪ ಟವೆಲ್. ಇವನ್ನು ಮನೆಯ ಬಟ್ಟೆಗಳೊಂದಿಗೆ ಒಗೆಯಬಾರದು, ಫ್ಯಾಬ್ರಿಕ್ ಕಂಡೀಶನರ್ ಹಾಕಲೇಬಾರದು. ಅದು ಎಳೆಗಳ ಸಂದುಗಳನ್ನು ತುಂಬಿಬಿಡುವುದರಿಂದ ಬಟ್ಟೆ ನೀರನ್ನು ಹೀರುವುದನ್ನೇ ನಿಲ್ಲಿಸುತ್ತದೆ.

ಹೊಸ ಕಾರಿನ ಬಣ್ಣ ಶುದ್ಧವಾಗಿರುತ್ತದೆಂಬ ನಂಬಿಕೆ ಸರಿಯಲ್ಲ. ನನ್ನ ಝೆಡ್4 ತಯಾರಾದದ್ದು ಆಸ್ಟ್ರಿಯಾದ ಗ್ರಾಜ್‌ನಲ್ಲಿ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ರೈಲು, ಬಂದರು, ಹಡಗು, ಟ್ರಕ್ ಎಲ್ಲವನ್ನೂ ದಾಟಿರುತ್ತದೆ. ತೊಳೆದು ಒಣಗಿಸಿದ ಬಾನೆಟ್ ಮೇಲೆ, ಬೆರಳುಗಳಿಗೆ ತೆಳುವಾದ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಮೆಲ್ಲಗೆ ಸವರಿದರೆ, ಬರಿಗೈಗೆ ನುಣುಪಾಗಿ ತೋರಿದ ಜಾಗವೇ ತರಿತರಿಯಾಗಿ ತಾಗುತ್ತದೆ. ಬಣ್ಣಕ್ಕೆ ಅಂಟಿದ ಕಬ್ಬಿಣದ ಕಣಗಳನ್ನು ಕರಗಿಸುವ ಐರನ್ ರಿಮೂವರ್ ಸಿಂಪಡಿಸಿದಾಗ ಆ ಕಣಗಳು ಕಣ್ಣಿಗೇ ಕಂಡವು: ಸಣ್ಣ ಚುಕ್ಕೆಗಳು ಒಂದೊಂದಾಗಿ ನೇರಳೆಗೆ ತಿರುಗಿ, ಕಣ್ಣೀರಿನಂತೆ ಗೆರೆಯೆಳೆಯುತ್ತ ಬಂಪರಿನತ್ತ ಇಳಿದವು. ಇದರಲ್ಲಿರುವ ಥಯೋಗ್ಲೈಕೊಲೇಟ್ ಲವಣ ಕಬ್ಬಿಣದೊಂದಿಗೆ ಸೇರಿ ಈ ಬಣ್ಣವನ್ನು ಕೊಡುತ್ತದೆ. ಕೊಳೆತ ಮೊಟ್ಟೆಯಂಥ ನಾತವೂ ಅದರದ್ದೇ. ನೆರಳಿನಲ್ಲಿ, ಲೋಹ ತಣ್ಣಗಿರುವಾಗ ಬಳಸಬೇಕು, ಆರಲು ಬಿಡಬಾರದು. ಬ್ರೇಕ್ ದೂಳು ಕೂಡ ಹೆಚ್ಚಾಗಿ ಕಬ್ಬಿಣವೇ ಆಗಿರುವುದರಿಂದ ಗಾಲಿಗಳಿಗೂ ಅದೇ ಬಾಟಲಿ ಸಾಕಾಯಿತು, ಆಮ್ಲವಿರುವ ವೀಲ್ ಕ್ಲೀನರ್ ಬೇಕಾಗಲಿಲ್ಲ. ಉಳಿದ ಒರಟಿಗೆ, ಅಂಟಿದ ಕಣಗಳನ್ನು ಎತ್ತಿ ತೆಗೆಯುವ ಜೇಡಿಯಂಥ ಮುದ್ದೆಯಾದ ಅತಿ ಮೃದುವಾದ ಕ್ಲೇ ಬಾರ್ ಮತ್ತು ಧಾರಾಳವಾಗಿ ಲೂಬ್ರಿಕಂಟ್.

ಡೆಲಿವರಿಗೆ ಮುನ್ನ ಕಾರನ್ನು ತೊಳೆದವರು ಅವಸರದಲ್ಲಿ ಒರೆಸಿದ್ದ ಗುರುತುಗಳು ಎಲ್‌ಇಡಿ ಟಾರ್ಚಿನ ಬೆಳಕಿನಲ್ಲಿ ಜೇಡರ ಬಲೆಯಂತೆ ಕಾಣುತ್ತಿದ್ದವು. ಪಾಲಿಶ್‌ಗೆ ಕೈ ಹಾಕುವ ಮುನ್ನ ಒಂದು ಸಂಗತಿ ಮನಸ್ಸಿನಲ್ಲಿರಬೇಕು. ಕಾರ್ಖಾನೆಯ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್; ಅದರಲ್ಲಿ ಕ್ಲಿಯರ್‌ಕೋಟ್‌ನ ಪಾಲು ಸುಮಾರು 40ರಿಂದ 50. ಪ್ರತಿ ಪಾಲಿಶ್ ಅದರಿಂದಲೇ ಒಂದಿಷ್ಟನ್ನು ತೆಗೆಯುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಆದ್ದರಿಂದ ರೋಟರಿ ಯಂತ್ರವನ್ನು ಬಿಟ್ಟು, ತಿರುಗುತ್ತಲೇ ಅತ್ತಿತ್ತ ಆಡುವ, ಶಾಖ ಕಡಿಮೆ ಹುಟ್ಟಿಸುವ ಡ್ಯುಯಲ್ ಆ್ಯಕ್ಷನ್ ಯಂತ್ರವನ್ನು ಕೊಂಡೆ. ಜರ್ಮನ್ ಕಾರುಗಳ ಕ್ಲಿಯರ್‌ಕೋಟ್ ಗಡುಸು, ಕಾಂಪೌಂಡ್ ಎಂಬ ಒರಟು ಪಾಲಿಶ್ ಇಲ್ಲದೆ ಆಗದು ಎಂಬ ಮಾತು ಚಾಲ್ತಿಯಲ್ಲಿದೆ. ಡಿಕ್ಕಿಯ ಮೇಲೆ ಅಂಗೈಯಗಲದ ಜಾಗವನ್ನು ಟೇಪಿನಿಂದ ಗುರುತಿಸಿಕೊಂಡು, ಮೃದುವಾದ ಫೋಮ್ ಪ್ಯಾಡ್ ಮತ್ತು ಫಿನಿಶಿಂಗ್ ಪಾಲಿಶ್‌ನಿಂದಲೇ ಶುರು ಮಾಡಿದೆ. ಗುರುತುಗಳು ಬಹುಪಾಲು ಮಾಯವಾದವು. ಉಳಿದ ಒಂದೆರಡು ಆಳದ ಗೀರುಗಳನ್ನು ಹಾಗೆಯೇ ಬಿಟ್ಟೆ. ಅವನ್ನು ಅಳಿಸಲು ಇಡೀ ಜಾಗದ ಕ್ಲಿಯರ್‌ಕೋಟ್ ತೆಳುಮಾಡುವುದು ನ್ಯಾಯವಲ್ಲ.

ರಕ್ಷಣಾ ಪದರದ ವಿಷಯದಲ್ಲೇ ಜಾಹೀರಾತಿನ ಅಬ್ಬರ ಹೆಚ್ಚು. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಸೆರಾಮಿಕ್ ಕೋಟಿಂಗ್‌ನ ಸಣ್ಣ ಬಾಟಲಿಯನ್ನು ಮುಂದಿಟ್ಟ ಅಂಗಡಿಯವರು, "ಇದು 9ಎಚ್ ಸಾರ್, ಕೀ ತಗೊಂಡು ಎಳದ್ರೂ ಗೀರು ಬೀಳಲ್ಲ" ಎಂದರು. 9ಎಚ್ ಎಂಬುದು ಪೆನ್ಸಿಲ್ ಪರೀಕ್ಷೆಯ ಅಳತೆ; ಆ ಗಡಸುತನದ ಪೆನ್ಸಿಲ್ ಪದರವನ್ನು ಗೀರಲಾರದು ಎಂದಷ್ಟೇ ಅದರ ಅರ್ಥ. ಖನಿಜಗಳನ್ನು ಅಳೆಯುವ ಮೋಸ್ ಮಾಪಕಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ದೂಳಿನಲ್ಲಿರುವ ಸ್ಫಟಿಕ ಶಿಲೆಯ ಕಣ ಮೋಸ್ ಮಾಪಕದಲ್ಲಿ 7. ಅದರ ಎದುರು ಯಾವ ಕೋಟಿಂಗೂ ನಿಲ್ಲದು. ಸೆರಾಮಿಕ್ ಕೋಟಿಂಗ್‌ಗೆ ರಾಸಾಯನಿಕಗಳನ್ನು ತಡೆಯುವ, ತೊಳೆಯುವ ಕೆಲಸವನ್ನು ಹಗುರ ಮಾಡುವ ಗುಣ ಖಂಡಿತ ಇದೆ. ಆದರೆ ದೂಳಿಲ್ಲದ ಮುಚ್ಚಿದ ಜಾಗ, ಹಚ್ಚಿದ ನಂತರ ನೀರು ತಾಗದ ಬಿಡುವು, ಹದವಾದ ತೇವಾಂಶ ಅದಕ್ಕೆ ಬೇಕು. ಮೂರು ಕಡೆ ತೆರೆದ ಪೋರ್ಟಿಕೋದಲ್ಲಿ, ಜುಲೈ ತಿಂಗಳಲ್ಲಿ, ಇವು ಸಿಗುವುದಿಲ್ಲ. ಜೊತೆಗೆ, ಕೋಟಿಂಗ್ ಮೇಲೆ ನೀರು ಮುತ್ತುಗಳಂತೆ ನಿಲ್ಲುವ ದೃಶ್ಯ ಎಷ್ಟು ಚೆಂದವೋ, ಗಡಸು ನೀರಿನ ಊರಿನಲ್ಲಿ ಅಷ್ಟೇ ತೊಂದರೆಯದು: ಒಂದೊಂದು ಮುತ್ತೂ ಆರಿ ಒಂದೊಂದು ಉಂಗುರವಾಗುತ್ತದೆ. ನಾನು ಆರಿಸಿಕೊಂಡದ್ದು ನೀರು ಹಾಳೆಯಂತೆ ಜಾರಿಹೋಗುವ ಸಿಂಥೆಟಿಕ್ ಸೀಲೆಂಟ್. ಕೆಲವು ತಿಂಗಳಿಗೊಮ್ಮೆ ಹೊಸದಾಗಿ ಹಚ್ಚಬೇಕು ನಿಜ, ಆದರೆ ಅದಕ್ಕೆ ಯಂತ್ರ ಬೇಡ, ಹದ ತಪ್ಪಿದರೆ ಪಾಲಿಶ್ ಮಾಡಿ ಕೀಳುವ ಪ್ರಮೇಯವೂ ಇಲ್ಲ. ನೆಲಕ್ಕೆ ಹತ್ತಿರವಿರುವ ಮುಂಬದಿಗೆ ಕಲ್ಲು ಸಿಡಿಯುವುದನ್ನು ಯಾವ ದ್ರಾವಣವೂ ತಡೆಯದು. ಬಂಪರಿಗೆ ಪಿಪಿಎಫ್ ಎಂಬ, ಬಣ್ಣವನ್ನು ಕಾಯುವ ಪಾರದರ್ಶಕ ಫಿಲ್ಮ್ ಅಂಟಿಸುವ ಕೆಲಸವನ್ನು ತಿಳಿದವರಿಗೇ ಒಪ್ಪಿಸಿದೆ.

ಬೀದಿಯ ಮಳೆಮರ, ಹೊಂಗೆಗಳ ಕೆಳಗೆ ಕಾರು ನಿಲ್ಲಿಸಿದಾಗ ಬೀಳುವ ಹಕ್ಕಿಯ ಹಿಕ್ಕೆಗೆ, ಮರದ ಕೀಟಗಳು ಸ್ರವಿಸುವ ಅಂಟಿಗೆ ಕಾರಿನಲ್ಲೇ ಒಂದು ಸಣ್ಣ ಸ್ಪ್ರೇ ಬಾಟಲಿಯಲ್ಲಿ ರಿನ್ಸ್‌ಲೆಸ್ ದ್ರಾವಣವನ್ನೂ ಎರಡು ಬಟ್ಟೆಗಳನ್ನೂ ಇಟ್ಟಿರುತ್ತೇನೆ. ನೆನೆಸಿ, ಕಾದು, ಎತ್ತಿ ತೆಗೆಯಬೇಕು, ಉಜ್ಜಬಾರದು. ಟೈರಿಗೆ ನೀರು ಆಧಾರಿತ ಡ್ರೆಸ್ಸಿಂಗ್, ಪಕ್ಕದ ಗೋಡೆಗೆ ಮಾತ್ರ. ನೆಲ ತಾಗುವ ಭಾಗಕ್ಕೆ ಸೋಕಬಾರದು. ಡ್ಯಾಶ್‌ಬೋರ್ಡಿಗೆ ಹೊಳಪು ಕೊಡುವ ಯಾವುದನ್ನೂ ಹಚ್ಚಬಾರದು, ಅದು ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ.

ಹೆಚ್ಚು ಯೋಚಿಸಿ ಕೊಂಡದ್ದು ಛಾವಣಿಯ ಸಾಮಗ್ರಿಗಳನ್ನು. ಬಟ್ಟೆಯ ಛಾವಣಿಗೆ ವ್ಯಾಕ್ಸ್ ಆಗಲಿ ಸೀಲೆಂಟ್ ಆಗಲಿ ತಾಗಬಾರದು. ಎಳೆಗಳ ನಡುವೆ ಸಿಕ್ಕಿಕೊಂಡು ಬಿಳಿಯಾಗಿ ಉಳಿಯುತ್ತದೆ. ಬಟ್ಟೆಯ ಛಾವಣಿಗೆಂದೇ ಇರುವ ಕ್ಲೀನರ್ ಹಾಕಿ, ಮೃದುವಾದ ಬ್ರಶ್‌ನಿಂದ ನೇಯ್ಗೆಯ ದಿಕ್ಕಿಗೆ ತಿಕ್ಕಿ, ನೊರೆ ಪೂರ್ತಿ ಹೋಗುವವರೆಗೆ ಜಾಲಾಡಬೇಕು. ಪೂರ್ತಿ ಒಣಗಿದ ಮೇಲೆ ಫ್ಲೋರೊಪಾಲಿಮರ್ ಇರುವ ನೀರು ನಿರೋಧಕವನ್ನು, ಸುತ್ತಲಿನ ಗಾಜು ಮತ್ತು ಬಣ್ಣವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಸಮನಾಗಿ ಸಿಂಪಡಿಸಬೇಕು. ಕಿಟಕಿಯ ಸುತ್ತಲಿನ ರಬ್ಬರ್ ಪಟ್ಟಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಅದಕ್ಕಾಗಿಯೇ ಇರುವ ರಬ್ಬರ್ ಕೇರ್ ಬೇಕು. ಛಾವಣಿ ಒದ್ದೆಯಿರುವಾಗ ಮಡಚಿಟ್ಟರೆ ಬೂಷ್ಟು ಹಿಡಿಯುವುದರಿಂದ, ಈ ಕೆಲಸವನ್ನು ನಾನು ಏಪ್ರಿಲ್‌ನ ಒಣ ಬಿಸಿಲಿನಲ್ಲಿ, ಮೇ ತಿಂಗಳ ಗುಡುಗು ಮಳೆ ಜೋರಾಗುವ ಮುನ್ನ ಮುಗಿಸಿ, ಮರುದಿನದವರೆಗೆ ಛಾವಣಿಯನ್ನು ಮುಚ್ಚಿಯೇ ಇಡುತ್ತೇನೆ.