ಆಪ್ಷನ್ ಎಂಟ್ರಿ ಮಗಳದ್ದು, ಓಡಾಟ ನಮ್ಮದು

ಪಿಯುಸಿ ಓದುವ ಮಕ್ಕಳಿರುವ ಮನೆಗೆ ದಾವಣಗೆರೆಯಲ್ಲಿ ಸಲಹೆ ಕೊಡೋರಿಗೇನೂ ಕಮ್ಮಿ ಇಲ್ಲ. ಮಗಳು ಸೈನ್ಸ್ ತೆಗೆದುಕೊಂಡಾಗಿನಿಂದ ನೆಂಟರ ಫೋನು ನಿಂತಿಲ್ಲ. ಹಾಗಾಗಿ ನಾನೂ ನಮ್ಮ ಮನೆಯವರೂ ಮೊದಲೇ ಮಾತಾಡಿಕೊಂಡೆವು. ಇಂಜಿನಿಯರಿಂಗ್‌ನಲ್ಲಿ ಯಾವ ಬ್ರಾಂಚು, ಯಾವ ಕಾಲೇಜು ಅನ್ನೋದು ಅವಳ ತೀರ್ಮಾನ. ಕಾಗದಪತ್ರ, ದುಡ್ಡಿನ ಲೆಕ್ಕ, ಓಡಾಟ ನಮ್ಮದು.

ಕಾಗದಪತ್ರದ ಕೆಲಸ ಪರೀಕ್ಷೆಗೆ ಮುಂಚೆಯೇ ಶುರು ಮಾಡಿದೆವು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಅವಳು ಓದಿದ್ದು ಮಾಯಕೊಂಡದ ಕಡೆಯ ನಮ್ಮ ಹಳ್ಳಿಯಲ್ಲಿ, ಕನ್ನಡ ಮೀಡಿಯಂನಲ್ಲಿ. ಇಂಥ ಮಕ್ಕಳಿಗೆ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಸೀಟಿನಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ ಕೋಟಾ ಶೇ 5 ಇದೆ. ಅದಕ್ಕೆ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಆಗಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸಿ ಅದರ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಂಡೆವು. ಎಲ್ಲದರಲ್ಲೂ ಹೆಸರು ಅಂಕಪಟ್ಟಿಯಲ್ಲಿ ಇರುವ ಹಾಗೇ ಇರಬೇಕು. ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಇದ್ದರೂ ಆಗಲೇ ಸರಿ ಮಾಡಿಸಿ. ಅರ್ಜಿಗೆ ಕೊಡುವ ಮೊಬೈಲ್ ನಂಬರ್ ಕೂಡ ಮನೆಯದ್ದೇ ಇರಲಿ. ಓಟಿಪಿ ಬರೋದು ಅದಕ್ಕೇ.

ಇಂಜಿನಿಯರಿಂಗ್ ರ್‍ಯಾಂಕ್‌ಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್) ಅಂಕ ಅರ್ಧ. ಈ ಮಾತನ್ನು ಅವಳಿಗೆ ಆಗಾಗ ನೆನಪಿಸುತ್ತಿದ್ದೆ, ಅಷ್ಟೇ. ಓದು ಓದು ಅಂತ ಬೆನ್ನು ಹತ್ತಲಿಲ್ಲ.

ಕಾಲೇಜು ನೋಡಲು ಕ್ಲಾಸು ನಡೆಯುವ ದಿನವೇ ಹೋದೆವು. ಇಲ್ಲೇ ಬಿಐಇಟಿ ಇದೆ, 1951ರಲ್ಲಿ ಶುರುವಾದ ಯುಬಿಡಿಟಿ ಇದೆ. ಆಫೀಸಿನಲ್ಲಿ ಬ್ರೋಷರ್ ಕೊಡುತ್ತಾರೆ. ಆದರೆ ನಿಜ ಗೊತ್ತಾಗೋದು ಕ್ಯಾಂಟೀನ್ ಹತ್ತಿರ. ನಾನು ದೂರ ನಿಂತೆ, ಮಗಳೇ ಮೂರನೇ ವರ್ಷದ ಹುಡುಗಿಯರನ್ನು ಮಾತಾಡಿಸಿದಳು. "ಅಕ್ಕ, ಲ್ಯಾಬಲ್ಲಿ ನಾವೇ ಮಾಡ್ತೀವಾ, ಸುಮ್ನೆ ನೋಡೋದಾ? ನಿಮ್ಮ ಬ್ರಾಂಚಲ್ಲಿ ಎಷ್ಟು ಜನಕ್ಕೆ ಕೆಲಸ ಆಯ್ತು?" ಅಮ್ಮ ಪಕ್ಕದಲ್ಲಿದ್ದಿದ್ದರೆ ಅವರು ಅಷ್ಟು ಬಿಚ್ಚಿ ಹೇಳುತ್ತಿರಲಿಲ್ಲ.

ದುಡ್ಡಿನ ವಿಷಯವನ್ನು ಮಕ್ಕಳಿಂದ ಮುಚ್ಚಿಡಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಫೀಸು, ಹಾಸ್ಟೆಲ್, ಮೆಸ್, ಊರಿಗೆ ಬಂದು ಹೋಗುವ ಖರ್ಚು, ಎಲ್ಲಾ ಬರೆದು ಅವಳ ಮುಂದಿಟ್ಟೆವು. "ಇಷ್ಟು ನಮ್ಮ ಕೈಲಾಗುತ್ತಮ್ಮ, ಇದಕ್ಕಿಂತ ಜಾಸ್ತಿ ಆದ್ರೆ ಸಾಲ ಮಾಡಬೇಕು" ಅಂದರು ಅವಳ ಅಪ್ಪ. ಬೆಂಗಳೂರಿನ ಎರಡು ಕಾಲೇಜು ಅವಳೇ ಪಟ್ಟಿಯಿಂದ ತೆಗೆದಳು. ಒಂದನ್ನು ಉಳಿಸಿಕೊಂಡಳು. ಅದನ್ನು ನಾವೂ ಒಪ್ಪಿದೆವು.

ಜಾಸ್ತಿ ಜನ ಗಾಬರಿಯಾಗೋದು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತುಂಬುವಾಗ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಕಟಾಫ್ (ಕೊನೆಯ ಸೀಟು ಸಿಕ್ಕ ರ್‍ಯಾಂಕ್) ಸಿಗುತ್ತದೆ. ಹಿಂದುಳಿದ ವರ್ಗಗಳಲ್ಲಿ ನಮ್ಮದು 2ಎ. ಅವಳು 2ಎಜಿ (2ಎ ಸಾಮಾನ್ಯ), 2ಎಕೆ (ಕನ್ನಡ ಮಾಧ್ಯಮ), 2ಎಆರ್ (ಗ್ರಾಮೀಣ), ಜಿಎಂ (ಜನರಲ್ ಮೆರಿಟ್) ನಾಲ್ಕೂ ಕಾಲಂ ನೋಡಿ ಬರೆದುಕೊಂಡಳು. "ಆ ಕಾಲೇಜು ನಮಗೆ ಸಿಗಲ್ಲ, ಮೇಲೆ ಯಾಕೆ ಹಾಕ್ತೀರಿ" ಅಂತ ಸೈಬರ್ ಸೆಂಟರ್‌ನಲ್ಲಿ ಹೇಳಿದರೆ ಕೇಳಬೇಡಿ. ಕಂಪ್ಯೂಟರ್ ನಿಮ್ಮ ರ್‍ಯಾಂಕ್ ಸರದಿ ಬಂದಾಗ ಪಟ್ಟಿಯನ್ನು ಮೇಲಿಂದ ನೋಡುತ್ತಾ ಬರುತ್ತದೆ, ಮೊದಲು ಖಾಲಿ ಇರುವ ಸೀಟು ಕೊಡುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಆದ್ದರಿಂದ ಇಷ್ಟದ ಕ್ರಮದಲ್ಲೇ ಹಾಕಬೇಕು. ಸಿಕ್ಕರೂ ಸೇರಲ್ಲ ಅನ್ನುವ ಕಾಲೇಜನ್ನು ಹಾಕಲೇಬಾರದು.

ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮುಂಚಿನ ಪ್ರಯೋಗ) ಬಂದ ಮೇಲೆ ಒಂದೆರಡು ಆಪ್ಷನ್ ಹಿಂದೆ ಮುಂದೆ ಮಾಡಿದಳು. ಮೊದಲ ಸುತ್ತಿನಲ್ಲಿ ಸಿಕ್ಕಿದ್ದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವ ಚಾಯ್ಸ್ 2 ಒತ್ತಿದಳು. ಮೇಲಿನದು ಸಿಕ್ಕರೆ ಹಳೆಯದು ತಾನಾಗೇ ಹೋಗುತ್ತದೆ, ಇದು ನೆನಪಿರಲಿ. ಎರಡನೇ ಸುತ್ತಿನಲ್ಲಿ ಯುಬಿಡಿಟಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ನಿಯಮಗಳು ವರ್ಷದಿಂದ ವರ್ಷಕ್ಕೆ ಒಂದಿಷ್ಟು ಬದಲಾಗುತ್ತವೆ, ಹಾಗಾಗಿ ಆ ವರ್ಷದ ಕೆಇಎ ಮಾಹಿತಿ ಪುಸ್ತಕವನ್ನು ಮಗು ಜೊತೆ ಕೂತು ಓದಿಕೊಳ್ಳಿ.