ಆರ್‌ಸಿ ಕಾರಿನ ಆರ್ಮ್: ತೂತಿನಿಂದ ಶುರುವಾಗುವ ಡಿಸೈನ್

ನನ್ನ 1/10 ಅಳತೆಯ ಆರ್‌ಸಿ ಬಗ್ಗಿ (ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರು) ಹಳೇ ಮಾಡೆಲ್. ಮುಂದಿನ ಚಕ್ರವನ್ನು ಕಾರಿಗೆ ಸೇರಿಸುವ ಕೆಳಗಿನ ತೋಳು, ಅಂದರೆ ಸಸ್ಪೆನ್ಷನ್ ಆರ್ಮ್, ಮುರಿದರೆ ಈಗ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಆರ್ಮನ್ನು ಫ್ರೀಕ್ಯಾಡ್ ಎಂಬ ಡಿಸೈನ್ ತಂತ್ರಾಂಶದಲ್ಲಿ ನಾನೇ ಬಿಡಿಸಿ, ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಕೊಳ್ಳುತ್ತೇನೆ.

ಹೊಸಬರು ಸಾಮಾನ್ಯವಾಗಿ ಪಾರ್ಟಿನ ಹೊರಗಿನ ಆಕಾರದ ಹಿಂದೆ ಬೀಳುತ್ತಾರೆ. ಹಳೇ ಆರ್ಮಿನ ಒಂದೊಂದು ತಿರುವನ್ನೂ ಹಾಗೇ ತರಬೇಕು ಅಂತ. ನಾನು ತೂತುಗಳಿಂದ ಶುರು ಮಾಡುತ್ತೇನೆ. ಆರ್ಮ್ ಕಾರಿಗೆ ಕೂರುವುದೇ ತೂತುಗಳಿಂದ ಅಲ್ವಾ? ಒಳತುದಿಯಲ್ಲಿ ಷಾಸಿಗೆ (ಕಾರಿನ ಚೌಕಟ್ಟಿಗೆ) ಸೇರುವ ಹಿಂಜ್ ಪಿನ್, ಹೊರತುದಿಯಲ್ಲಿ ಚಕ್ರ ಕೂರುವ ಹಬ್ ಹಿಡಿಯುವ ಪಿನ್, ನಡುವೆ ಶಾಕ್ ಅಬ್ಸಾರ್ಬರ್‌ನ ಸ್ಕ್ರೂ. ಈ ಮೂರು ಸರಿಯಾದ ಜಾಗದಲ್ಲಿ ಇರಬೇಕು. ಎಡ ಅಥವಾ ಬಲ ಆರ್ಮಿನ ಪಿನ್ ಅಂತರದಲ್ಲಿ ಅರ್ಧ ಮಿ.ಮೀ. ಹೆಚ್ಚುಕಡಿಮೆಯಾದರೂ ಆ ಚಕ್ರದ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಕಾಣುವ ಓರೆ), ಟೋ (ಮೇಲಿನಿಂದ ನೋಡಿದಾಗ ಕಾಣುವ ಓರೆ) ಎರಡೂ ಬದಲಾಗುತ್ತವೆ. ಹೊರಗಿನ ಆಕಾರ ಬೇರೆಯಾದರೆ ಏನೂ ಆಗುವುದಿಲ್ಲ, ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿಗೆ ತಾಗದಿದ್ದರೆ ಸಾಕು.

ಎರಡು ತೂತುಗಳ ನಡುಬಿಂದುವಿನ ಅಂತರವನ್ನು ವರ್ನಿಯರ್‌ನಲ್ಲಿ ನೇರವಾಗಿ ಅಳೆಯಲು ಆಗುವುದಿಲ್ಲ. ಎರಡಕ್ಕೂ ಪಿನ್ ತೂರಿಸಿ, ಪಿನ್‌ಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುತ್ತೇನೆ. ಅದರಲ್ಲಿ ಒಂದು ಪಿನ್ನಿನ ವ್ಯಾಸ ಕಳೆದರೆ ಅಂತರ ಸಿಕ್ಕಿತು. ಎರಡೂ ಪಿನ್ 3 ಮಿ.ಮೀ. ಇದ್ದಾಗ ಮಾತ್ರ ಇಷ್ಟು ಸುಲಭ. ಬೇರೆ ಬೇರೆ ಇದ್ದರೆ ಎರಡರ ಅರ್ಧರ್ಧ ಕಳೆಯಬೇಕು. ಆಕಾರ ಬೇಕೇ ಬೇಕು ಅನಿಸಿದಾಗ ಆರ್ಮನ್ನು ಸ್ಟೀಲ್ ಸ್ಕೇಲಿನ ಜೊತೆ ಫ್ಲಾಟ್‌ಬೆಡ್ ಸ್ಕ್ಯಾನರ್ ಮೇಲಿಟ್ಟು ಸ್ಕ್ಯಾನ್ ಮಾಡಿ, ಚಿತ್ರವನ್ನು ಸ್ಕೆಚ್ಚಿನ ಕೆಳಗೆ ಹಾಕಿಕೊಳ್ಳುತ್ತೇನೆ. ಮೊಬೈಲ್ ಫೋಟೋದಲ್ಲಿ ಅಂಚುಗಳು ಓರೆಯಾಗುತ್ತವೆ, ಅದನ್ನು ನಂಬಬಾರದು.

ಅಳತೆಗಳನ್ನೆಲ್ಲ ಫ್ರೀಕ್ಯಾಡ್‌ನ ಸ್ಪ್ರೆಡ್‌ಶೀಟಿನಲ್ಲಿ ಬರೆದು, ಒಂದೊಂದಕ್ಕೂ ಹೆಸರು ಕೊಟ್ಟು, ಸ್ಕೆಚ್ಚಿನಲ್ಲಿ ಆ ಹೆಸರನ್ನೇ ಬಳಸುತ್ತೇನೆ. ಆಮೇಲೆ ಒಂದು ಅಂಕಿ ಬದಲಿಸಿದರೆ ಇಡೀ ಆರ್ಮ್ ಬದಲಾಗುತ್ತದೆ. ಹಿಂದೆ ಹೀಗೆ ಬದಲಿಸಿದಾಗ ಕಂಪ್ಯೂಟರಿನಲ್ಲಿ ಬಿಡಿಸಿದ ಮಾಡೆಲ್ ಆಗಾಗ ಕೆಟ್ಟುಹೋಗುತ್ತಿತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಆ ತೊಂದರೆ ತುಂಬಾ ಕಡಿಮೆಯಾಗಿದೆ. ಆದರೂ ಮೂಲೆಗಳನ್ನು ದುಂಡಗೆ ಮಾಡುವ ಫಿಲೆಟ್ಟನ್ನು ಕೊನೆಗೇ ಹಾಕುತ್ತೇನೆ. ಹಾಕದೇ ಮಾತ್ರ ಬಿಡುವುದಿಲ್ಲ. ಪಿನ್ ಹಿಡಿಯುವ ದಪ್ಪ ಭಾಗ ಆರ್ಮಿಗೆ ಸೇರುವ ಒಳಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಇಡೀ ಪಾರ್ಟ್ ಪ್ರಿಂಟ್ ಮಾಡುವ ಮೊದಲು ತೂತುಗಳ ನಕ್ಷೆಯನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ತೆಗೆದು, ಹಳೇ ಆರ್ಮಿನ ಮೇಲಿಟ್ಟು ನೋಡುತ್ತೇನೆ. ಖರ್ಚಿಲ್ಲದ ಕೆಲಸ. ಪ್ರಿಂಟರ್‌ನಲ್ಲಿ ಸಣ್ಣ ತೂತು ಯಾವಾಗಲೂ ಕೊಂಚ ಬಿಗಿಯಾಗಿಯೇ ಬರುತ್ತದೆ. ಅದಕ್ಕೆ 3 ಮಿ.ಮೀ. ಪಿನ್ನಿಗೆ 3.2 ಅಂತ ಬಿಡಿಸಿ, ಕೊನೆಗೆ 3 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಸರಿಮಾಡುತ್ತೇನೆ. ಆರ್ಮ್ ತನ್ನ ತೂಕಕ್ಕೇ ಕೆಳಗೆ ಬೀಳಬೇಕು, ಅಷ್ಟು ಸಲೀಸಾಗಿ ಆಡಬೇಕು.

ಆರ್ಮನ್ನು ಪ್ರಿಂಟರ್‌ನ ಬೆಡ್ ಮೇಲೆ ಮಲಗಿಸಿಯೇ ಪ್ರಿಂಟ್ ಮಾಡಬೇಕು. ನಿಲ್ಲಿಸಿ ಮಾಡಿದರೆ ಪದರಗಳು ಅಡ್ಡಕ್ಕೆ ಬಂದು, ಮೊದಲ ಜಂಪಿಗೇ ಕಟ್ಟಿಗೆ ಸೀಳಿದಂತೆ ಬಿಟ್ಟುಕೊಳ್ಳುತ್ತದೆ. ಇನ್‌ಫಿಲ್ (ಪಾರ್ಟಿನ ಒಳಗೆ ತುಂಬುವ ಜಾಲರಿ) ಜಾಸ್ತಿ ಮಾಡುವುದಕ್ಕಿಂತ ಹೊರಗೋಡೆಯ ಸುತ್ತು ಹೆಚ್ಚಿಸುವುದು ಒಳ್ಳೆಯದು. ನಾನು 5 ಸುತ್ತು ಇಡುತ್ತೇನೆ.

ತ್ರೀಡಿ ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ನಿಜವಾದ ಕಾರಿನ ಒಳಗೆ ಬಿಟ್ಟರೆ ಆರ್ಮ್ ಸೊಟ್ಟಗಾದೀತು. ನೈಲಾನ್ ಒಳ್ಳೆಯದೇ, ಆದರೆ ತೇವ ಹೀರುತ್ತದೆ. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಆ ರೀಲನ್ನು ಒಣಗಿಸದೆ ಮುಟ್ಟುವ ಹಾಗಿಲ್ಲ. ಹಾಗಾಗಿ ಸದ್ಯಕ್ಕೆ ನನ್ನ ಆಯ್ಕೆ ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್.

ಅಲ್ಯೂಮಿನಿಯಂನಲ್ಲಿ ಯಾಕೆ ಮಾಡಿಸಬಾರದು ಅಂತ ಗೆಳೆಯರು ಕೇಳುತ್ತಾರೆ. ಆರ್ಮ್ ಮುರಿಯದೇ ಹೋದರೆ ಪೆಟ್ಟು ಸೀದಾ ಒಳಗಿನ ಬಲ್ಕ್‌ಹೆಡ್ಡಿಗೆ (ಆರ್ಮನ್ನು ಹಿಡಿದಿರುವ ಗಟ್ಟಿ ಭಾಗ), ಗೇರ್‌ಬಾಕ್ಸಿಗೆ ಹೋಗುತ್ತದೆ. ಅವು ಒಡೆದರೆ ಅರ್ಧ ಕಾರು ಬಿಚ್ಚಬೇಕು. ಆರ್ಮ್ ಮುರಿದರೆ ಎರಡು ಪಿನ್, ಒಂದು ಸ್ಕ್ರೂ ಬಿಚ್ಚಿದರೆ ಆಯಿತು. ಅದಕ್ಕೇ ಶಾಕ್‌ನಿಂದ ಹಬ್‌ವರೆಗಿನ ಭಾಗವನ್ನು ಬೇಕೆಂದೇ ತೆಳ್ಳಗೆ ಇಟ್ಟಿದ್ದೇನೆ. ಈಗ ಅದು ಮುರಿದಾಗಲೆಲ್ಲ ಅಲ್ಲೇ ಮುರಿಯುತ್ತದೆ.