ಊರಿನ ಕೆಲಸಕ್ಕೆ ಶಾಸಕರ ನಿಧಿ ಕೇಳುವುದು ಹೇಗೆ?

ಕರ್ನಾಟಕದಲ್ಲಿ ಒಬ್ಬ ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ, ಸಂಸದರಿಗೆ 5 ಕೋಟಿ. ಈ ದುಡ್ಡು ಅವರ ಕೈಗೆ ಬರುವುದಿಲ್ಲ. ಅವರು ಕೆಲಸವನ್ನು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಕೊಡುವುದು ಜಿಲ್ಲಾಡಳಿತ. ಹಾಗಾಗಿ ಸುಮ್ನೆ ಬಾಯಲ್ಲಿ ಕೇಳಿ ಬಂದರೆ ಏನೂ ಆಗುವುದಿಲ್ಲ, ಬರೆದು ಕೊಡಿ.

ಮೊದಲು ಜಾಗದ ದಾಖಲೆ ನೋಡಿ. ಇಲ್ಲೇ ಜಾಸ್ತಿ ಅರ್ಜಿಗಳು ಬಿದ್ದುಹೋಗುವುದು ಅಂತ ನನಗನಿಸುತ್ತದೆ. ಶಾಲೆಗೆ ಕೊಠಡಿ, ಬಸ್ ತಂಗುದಾಣ, ಕುಡಿಯುವ ನೀರಿನ ಘಟಕ, ಏನೇ ಕೇಳಿದರೂ ಅದು ಎಲ್ಲರೂ ಬಳಸುವಂಥದ್ದಾಗಿರಬೇಕು, ಜಾಗ ಯಾರದ್ದೋ ಸ್ವಂತದ್ದಾಗಿರಬಾರದು, ಮುಂದೆ ಅದನ್ನು ನೋಡಿಕೊಳ್ಳುವವರು ಯಾರು ಅನ್ನುವುದೂ ಪಂಚಾಯಿತಿಯಲ್ಲಿ ಮೊದಲೇ ಮಾತಾಗಿರಬೇಕು. ಸಂಸದರ ನಿಧಿಯಲ್ಲಿ ದೇವಸ್ಥಾನ, ಮಸೀದಿ, ಚರ್ಚಿನ ಒಳಗಿನ ಕೆಲಸ ಮಾಡಿಸುವಂತಿಲ್ಲ.

ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಇಂಜಿನಿಯರ್ ಹತ್ತಿರ ಅಂದಾಜು ಪಟ್ಟಿ ಬರೆಸಿ, ಎರಡನ್ನೂ ಮನವಿಗೆ ಲಗತ್ತಿಸಿ ಕೊಡಿ. ಸ್ವೀಕೃತಿ ಸಹಿ ಇರುವ ಪ್ರತಿ ನಿಮ್ಮ ಹತ್ತಿರವೇ ಇರಲಿ, ಅದನ್ನು ಮಾತ್ರ ಬಿಡಬೇಡಿ.

ಎಷ್ಟು ದಿನವಾದರೂ ಉತ್ತರ ಬಾರದಿದ್ದರೆ? 10 ರೂಪಾಯಿ ಕಟ್ಟಿ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶಿಫಾರಸು ಬಂದಿದೆಯಾ, ಕಡತ ಎಲ್ಲಿ ನಿಂತಿದೆ ಅಂತ ಕೇಳಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು.